ಅಕ್ಕನ ಸುಸ್ತು, ಉಪ್ಪು ಹಾಕದ ಹುಣಸೆ

ಮೊದಲು ನಷ್ಟದ ಮಾತು ಹೇಳಿಬಿಡುತ್ತೇನೆ. ನನಗೆ ಹೋದದ್ದು ಒಂದು ಸುಗ್ಗಿಯ ಉಪ್ಪುಹುಣಸೆ ವ್ಯಾಪಾರ ಪೂರ್ತಿ, ಡೆಂಕಣಿಕೋಟೆ ಕಡೆಯ ಮರಗಳ ಗುತ್ತಿಗೆ, ಜೊತೆಗೆ ಬೆಂಗಳೂರು ದಂಡಿನ ಸಿಪಾಯಿಗಳ ಅಡಿಗೆಗೆ ಮಾಲು ಕಟ್ಟುತ್ತಿದ್ದ ಏಜೆಂಟನ ವಿಶ್ವಾಸ. ಎಲ್ಲವನ್ನೂ ನಾನೇ ಯೋಚನೆ ಮಾಡಿ ಕೈಬಿಟ್ಟೆ. ನಮ್ಮಕ್ಕನ ಮೂತ್ರಪಿಂಡಗಳು ಸೋತಿದ್ದವು. ಅವಳು ‘ಸುಸ್ತು’ ಎಂದಾಗ ಅದರ ಅರ್ಥವೇನೆಂದು ನಮ್ಮ ಮನೆಯವರಿಗೆ ತಿಳಿಯುವುದಕ್ಕೆ ಅಷ್ಟು ಬೆಲೆ ತೆರಬೇಕಾಯಿತು. ನೀವು ಅದಕ್ಕಿಂತ ಅಗ್ಗಕ್ಕೆ ತಿಳಿದುಕೊಳ್ಳಬೇಕೆಂದು ಬರೆಯುತ್ತಿದ್ದೇನೆ.

ಜಪಾನಿನ ಮೇಲೆ ಯುದ್ಧ ನಡೆಯುತ್ತಿದ್ದ ಕಾಲ. ರಾಯಕೋಟೆಯಲ್ಲಿ ನಮ್ಮದು ಹುಣಸೆ ಕಣ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದ ಅಕ್ಕ, ನಾನು, ಇಬ್ಬರೂ ಸೇರಿ ಕಟ್ಟಿದ್ದು. ಊರೂರು ತಿರುಗಿ ಮರ ನೋಡಿ ಗುತ್ತಿಗೆ ಹಿಡಿಯುವುದು ನನ್ನ ಪಾಲು. ಕಾಯಿ ಕಣಕ್ಕೆ ಬಂದ ಮೇಲೆ ಅದು ಅಕ್ಕನ ರಾಜ್ಯ. ಹೆಂಗಸರು ಸಾಲಾಗಿ ಕೂತು ಸಿಪ್ಪೆ ಬಡಿದು, ನಾರು ಎಳೆದು, ಬೀಜ ತೆಗೆಯುತ್ತಾರೆ. ಹಣ್ಣನ್ನು ಬಿಸಿಲಿಗೆ ಹಾಕಿ, ಉಪ್ಪು ಬೆರೆಸಿ, ಬಡಿದು, ಮಡಕೆಗಳಿಗೆ ಅದುಮಿ ತುಂಬಬೇಕು. ಉಪ್ಪು ಕಡಿಮೆಯಾದರೆ ಮಳೆಗಾಲಕ್ಕೆ ಹುಳ ಬೀಳುತ್ತದೆ, ಹೆಚ್ಚಾದರೆ ನೀರು ಬಿಡುತ್ತದೆ. ಸರಿಯಾಗಿದೆಯೋ ಇಲ್ಲವೋ ಎಂದು ಹೇಳುತ್ತಿದ್ದದ್ದು ಅಕ್ಕನ ನಾಲಿಗೆ. ದಂಡಿನ ಏಜೆಂಟು ಬಂದರೆ ನನ್ನ ಮಾತು ಕೇಳುತ್ತಿರಲಿಲ್ಲ. ‘ಅಕ್ಕಾ ಬಾಯಿಗಿಟ್ಟು ನೋಡಿದ್ದಾ?’ ಎಂದು ಕೇಳಿ, ಹೌದೆಂದರೆ ಗಾಡಿಗೆ ಹೇರಿಸುತ್ತಿದ್ದ.

ಆ ವರ್ಷ ಸುಗ್ಗಿ ಶುರುವಾಗುವ ಹೊತ್ತಿಗೇ ಅಕ್ಕ ಗಳಿಗೆಗೊಮ್ಮೆ ಕೂರತೊಡಗಿದಳು. ಕಣದ ಆಚೆ ತುದಿಗೆ ಹೋಗಿ ಬರುವಷ್ಟರಲ್ಲಿ ಕಂಬ ಹಿಡಿದು ನಿಲ್ಲುತ್ತಿದ್ದಳು. ಬೆಳಗ್ಗೆ ಎದ್ದರೆ ಕಣ್ಣಿನ ಸುತ್ತ ಊತ, ಸಂಜೆಗೆ ಆ ಊತ ಕಾಲಿಗಿಳಿಯುತ್ತಿತ್ತು. ಬೀಜ ಬಿಡಿಸುವ ಹೆಂಗಸರಲ್ಲಿ ವಯಸ್ಸಾದವಳೊಬ್ಬಳು ಬಾಯಿಗೆ ಬಂದದ್ದನ್ನು ಆಡುವವಳು. ಅವಳು ಕೂಗಿದಳು:

“ಏನ್ ದೊಡ್ಡಕ್ಕ, ಕಂಬುದ್ ಕೈಲಿ ತಾಳಿ ಕಟ್ಟಿಸ್ಕಂಡ್ಯಾ? ಬುಡೋಕೇ ಮನಸಿಲ್ಲ?”

“ನಿನ್ನ ಗಂಡನ್ನ ತಬ್ಬಿಲ್ವಲ್ಲ, ಸುಮ್ನೆ ಬೀಜ ತೆಗಿಯೇ,” ಅಂದಳು ಅಕ್ಕ. ಎಲ್ಲರೂ ನಕ್ಕರು. ಅಕ್ಕನೂ ನಗಲು ಹೋಗಿ, ಉಸಿರು ಸಾಲದೆ ಅರ್ಧಕ್ಕೇ ನಿಲ್ಲಿಸಿದಳು.

ಸುಸ್ತಾದವರಿಗೆ ನಮ್ಮ ಕಡೆ ಎಲ್ಲರೂ ಮಾಡುವ ಉಪಚಾರ ಒಂದೇ: ರಾಗಿ ಅಂಬಲಿಗೆ ಮಜ್ಜಿಗೆ ಬಿಟ್ಟು, ಧಾರಾಳವಾಗಿ ಉಪ್ಪು ಹಾಕಿ ಕುಡಿಸುವುದು. ಬಿಸಿಲಲ್ಲಿ ಮರ ಬಡಿಯುವ ಆಳಿಗೆ ಅದು ಅಮೃತ. ನಾವೂ ಕುಡಿಸಿದೆವು. ಅವಳ ಊತ ಮೊಣಕಾಲಿಗೆ ಏರಿತು.

ಕೊನೆಗೆ ಕೃಷ್ಣಗಿರಿಗೆ ಕರೆದುಕೊಂಡು ಹೊರಟೆ. ಆಗ ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಏರು ಬಂದರೆ ಜನ ಇಳಿದು ತಳ್ಳಬೇಕು. ಅಂಥ ಒಂದು ಏರಿನಲ್ಲಿ ನಾನು ಇಳಿದು ಹಿಂದೆ ಹೋಗಿ ನೋಡಿದರೆ, ಅಕ್ಕನೂ ಇಳಿದು ಸೆರಗು ಸಿಕ್ಕಿಸಿಕೊಂಡು ಬಸ್ಸಿಗೆ ಕೈಕೊಟ್ಟಿದ್ದಾಳೆ.

“ಹತ್ತೇ ಅಕ್ಕ ಒಳೀಕೆ! ನಿನ್ನ ಡಾಕ್ಟ್ರತ್ರ ಕರ್ಕೊಂಡೋಗ್ತಾ ಇರೋದು!”

“ಎಲ್ರೂ ತಳ್ಳೋವಾಗ ನಾನೊಬ್ಳು ಮಾರಾಣಿ ಅಂಗೆ ಕೂತ್ಕೊಳ್ಲಾ?” ಅಂದಳು. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ರಸ್ತೆ ಬದಿಯ ಕಲ್ಲಿನ ಮೇಲೆ ಕುಸಿದಳು. ನಾನೂ ಕಂಡಕ್ಟರನೂ ಹಿಡಿದು ಹತ್ತಿಸಿದೆವು.

ಡಾಕ್ಟರು ಮುಕ್ಕಾಲು ತಮಿಳು, ಕಾಲು ಕನ್ನಡ ಬೆರೆಸಿ ಮಾತಾಡುವವರು. ನಾನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಅಕ್ಕನ ಮೂತ್ರವನ್ನು ಒಂದು ಗಾಜಿನ ನಳಿಗೆಯಲ್ಲಿ ತುಂಬಿ ದೀಪದ ಮೇಲೆ ಹಿಡಿದರು. ಕಾದ ಹಾಗೆ ಅದು ಮಂಕಾಗಿ, ಬೇಯಿಸಿದ ಮೊಟ್ಟೆಯ ಬಿಳಿಯಂತೆ ಗರಣೆ ಕಟ್ಟಿತು. ಅವಳ ಮೊಣಕಾಲ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳು ಒತ್ತಿ ತೆಗೆದರು. ಗುಳಿ ಹಾಗೇ ಉಳಿಯಿತು. ಮಡಕೆಯ ಹುಣಸೆ ನೀರು ಬಿಟ್ಟಿದೆಯೋ ಎಂದು ನಾನು ನೋಡುವುದೂ ಹಾಗೆಯೇ. ಮಾಲು ಕೆಟ್ಟಿದೆ ಎಂದು ಅವರು ಬಾಯಿಬಿಡುವ ಮುಂಚೆಯೇ ನನಗೆ ಗೊತ್ತಾಯಿತು.

“ಮೂತ್ರಪಿಂಡ ಕೆಟ್ಟು ಬಹಳ ಕಾಲವಾಗಿದೆ. ದೇಹದಲ್ಲಿ ಇರಬೇಕಾದ ಸಾರ ಹೊರಗೆ ಹೋಗುತ್ತಿದೆ, ಹೋಗಬೇಕಾದ ಕಶ್ಮಲ, ನೀರು ಒಳಗೆ ನಿಲ್ಲುತ್ತಿವೆ. ರಕ್ತವೂ ತೆಳುವಾಗಿದೆ. ಇವರ ಸುಸ್ತು ಸೋಮಾರಿತನವಲ್ಲ, ಬಿಸಿಲಿನದೂ ಅಲ್ಲ. ವಾಸಿ ಮಾಡುವ ಔಷಧ ನನ್ನ ಬಳಿ ಇಲ್ಲ. ಉಪ್ಪು ಬಿಡಿಸಿ. ಬೇಳೆ, ಮಾಂಸ ಕಡಿಮೆ ಮಾಡಿ. ಕಬ್ಬಿಣದ ಔಷಧ ಕೊಡುತ್ತೇನೆ. ಮಲಗಿಸಿ.”

“ಸಾಮಿ, ಸುಗ್ಗಿ ಟೈಮು. ಅರ್ಧ ದಿನದ ಕೆಲ್ಸುಕ್ಕೆ ಮಾಡ್ಕೊಡಿ.”

“ನಾನೇನು ಹುಣಸೆ ಮಾರುತ್ತಿದ್ದೇನೇನಯ್ಯಾ?”

“ಅಂಗಲ್ಲ ಸಾಮಿ, ಕಾಲು ದಿನ…”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಇವರು ಬದುಕಿರಬೇಕೋ ಬೇಡವೋ?” ಎಂದರು. ಆ ದಿನ ನನ್ನ ಚೌಕಾಸಿ ಅಲ್ಲಿಗೆ ನಿಂತಿತು.

ಮನೆಗೆ ಬಂದು ಅಕ್ಕನನ್ನು ಮಲಗಿಸಿದೆವು. ನನ್ನ ಹೆಂಡತಿ ಉಪ್ಪಿಲ್ಲದ ಮುದ್ದೆ, ಉಪ್ಪಿಲ್ಲದ ಸೊಪ್ಪಿನ ಸಾರು ಬೇರೆ ಮಾಡಿ ಬಡಿಸುತ್ತಿದ್ದಳು. ಅಕ್ಕ ಮೊದಲ ತುತ್ತು ಬಾಯಿಗಿಟ್ಟು, “ಗೋಡೆ ನೆಕ್ಕಿದ್ರೆ ಇದ್ಕಿಂತ ರುಚಿಯಾಗಿರ್ತದೆ,” ಅಂದಳು. ಆದರೂ ತಿಂದಳು. ಮಲಗುವುದು ಮಾತ್ರ ಅವಳಿಗೆ ಒಗ್ಗಲಿಲ್ಲ. ಹಗಲೆಲ್ಲ ಗೋಡೆಗೆ ಮುಖ ಮಾಡಿ ಮಲಗಿದವಳಿಗೆ ರಾತ್ರಿ ನಿದ್ದೆ ಇಲ್ಲ. ಕಾಲಲ್ಲಿದ್ದ ಅಷ್ಟಿಷ್ಟು ಶಕ್ತಿಯೂ ಕರಗಿ, ಹಿತ್ತಿಲಿಗೆ ಹೋಗಲೂ ನನ್ನ ಹೆಂಡತಿಯ ಭುಜ ಬೇಕಾಯಿತು. ಊತ ಸ್ವಲ್ಪ ಇಳಿದಿತ್ತು, ನಿಜ. ಅವಳೂ ಇಳಿದುಹೋಗಿದ್ದಳು.

ಇತ್ತ ಕಣದಲ್ಲಿ ಹೆಂಗಸರು ಕೈಯಂದಾಜಿನಲ್ಲಿ ಉಪ್ಪು ಹಾಕಿದರು. ಏಜೆಂಟು ಬಂದು ಒಂದು ಮಡಕೆಗೆ ಬೆರಳಿಟ್ಟು ಚೀಪಿ, “ಅಣ್ಣೇ, ಇದು ಅಕ್ಕಾ ಕೈ ಸರಕು ಇಲ್ಲ. ನಾನ್ ಬೆಂಗಳೂರಲ್ಲಿ ಬೈಸ್ಕೋಬೇಕಾ?” ಎಂದು ಗಾಡಿಯನ್ನು ಖಾಲಿ ತಿರುಗಿಸಿಕೊಂಡು ಹೋದ. ಒಳಗೆ ಮಲಗಿದ್ದ ಅಕ್ಕನಿಗೆ ಅದು ಕೇಳಿಸಿತು. ಮರುದಿನ ನಾನು ಉದ್ದನಪಲ್ಲಿಯ ಮರ ನೋಡಿಕೊಂಡು ಬರುವಷ್ಟರಲ್ಲಿ ಅವಳು ಕಣದಲ್ಲಿ ಕೂತಿದ್ದಳು.

ಅಂದು ಅವಳಿಗೆ ಒಳ್ಳೆಯ ದಿನ. ಮುಖದಲ್ಲಿ ಕಳೆ ಇತ್ತು, ಬಾಯಲ್ಲಿ ಬೈಗುಳ ಇತ್ತು. ಬೆಳಗಿನಿಂದ ಬೈಗಿನವರೆಗೆ ಏಳಲಿಲ್ಲ. ಬಿಟ್ಟುಹೋದ ಕೆಲಸವನ್ನೆಲ್ಲ ಒಂದೇ ದಿನ ಎಳೆದುಹಾಕಿದಳು. ನಾವೂ ಹಿಗ್ಗಿದೆವು. ಮಾರನೆಯ ದಿನ ಕಣ್ಣು ಬಿಡಲೂ ಆಗಲಿಲ್ಲ, ಅದರ ಮಾರನೆಯ ದಿನವೂ ಇಲ್ಲ. ಚೇತರಿಸಿಕೊಂಡಳೋ, ಮತ್ತೆ ಕಣ, ಮತ್ತೆ ಹಾಸಿಗೆ. ಹೀಗೆ ಎದ್ದು ಬಿದ್ದು, ಎದ್ದು ಬಿದ್ದು, ಪ್ರತಿ ಸಲ ಬಿದ್ದಾಗಲೂ ಏಳುವುದು ತಡವಾಗುತ್ತಾ ಹೋಯಿತು.

ನಮ್ಮ ಕಸುಬಿನಲ್ಲಿ ಒಂದು ಕ್ರಮವಿದೆ. ಮರದ ಫಸಲು ಅಂದಾಜು ಮಾಡುವಾಗ ಮಾಲೀಕ ನಿಮ್ಮನ್ನು ಜೊಂಪೆ ಬಿಟ್ಟ ಕೊಂಬೆಯ ಕೆಳಗೇ ನಿಲ್ಲಿಸುತ್ತಾನೆ. ನೀವು ಅದನ್ನು ನೋಡಬಾರದು. ಮರವನ್ನು ಸುತ್ತಿ, ಎಲ್ಲಕ್ಕಿಂತ ಸೊರಗಿದ ಕೊಂಬೆ ಹುಡುಕಿ, ಇಡೀ ಮರ ಹಾಗೇ ಇದೆ ಎಂದುಕೊಂಡು ಮಾತು ಕೊಡಬೇಕು. ಹಾಗೆ ಮಾಡಿದವನು ಮುಳುಗುವುದಿಲ್ಲ. ನಾನು ಅಕ್ಕನ ಹಾಸಿಗೆಯ ಪಕ್ಕ ಕೂತು ಇದನ್ನೇ ಹೇಳಿದೆ.

“ಅಕ್ಕ, ನೀನು ತುಂಬಿದ ಕೊಂಬೆ ನೋಡಿ ಯಾಪಾರ ಮಾಡ್ತಿದ್ದೀಯ. ನಿನ್ನ ಕೆಟ್ಟ ದಿನದಾಗೆ ಎಷ್ಟೊತ್ತು ಕೂತ್ಕಬಲ್ಲೆ, ಅದನ್ನ ಲೆಕ್ಕ ಇಡು. ಒಳ್ಳೇ ದಿನಾನೂ ಅಷ್ಟೇ ಕೂತ್ಕೊ. ಒಂದು ಗಳಿಗೆ ಜಾಸ್ತಿ ಬ್ಯಾಡ.”

“ಕೆಟ್ಟ ದಿನ ನಾನು ಏಳೋದೇ ಇಲ್ವಲ್ಲೋ.”

“ಅದುಕ್ಕೇನ್ ಕಾರಣ? ಮುಂಚಿನ್ ದಿನ ಕುಣಿದಿದ್ದು.”

“ಲೇ, ನನ್ನತ್ರಾನೇ ಗುತ್ತಿಗೆ ಮಾತಾಡ್ತೀಯೇನ್ಲಾ?”

“ಊ ಕಣಕ್ಕ. ಬೆಳಗ್ಗೆ ಬಿಸಿಲೇರೋಗಂಟ ನಿಂದು. ಆಮ್ಯಾಕೆ ನಂದು.”

“ಮಧ್ಯಾನದ ಬಿಸಿಲಾಗೆ ಹಣ್ಣು ತಿರುವಾಕೋವಾಗ?”

“ಕಣ್ಣಲ್ಲಿ ನೋಡು, ಕೂಗು. ಕೈ ಇಕ್ಬ್ಯಾಡ.”

ಹೀಗೆ ಎಳೆದಾಡಿ ಒಪ್ಪಂದವಾಯಿತು. ಡಾಕ್ಟರಿಗೂ ಹೋಗಿ ಹೇಳಿದೆ. ‘ಸುಸ್ತಾಗುವ ಮೊದಲೇ ನಿಲ್ಲಿಸುವುದಾದರೆ ಆಗಬಹುದು’ ಎಂದು ಒಪ್ಪಿದರು. ಅಕ್ಕನಿಗೆ ಒರಗಿಕೊಳ್ಳಲು ಚಪ್ಪರದ ಕೆಳಗೆ ಮೂಟೆ ಹಾಕಿಸಿದೆ. ಮಡಕೆಗಳು ಅವಳಿದ್ದಲ್ಲಿಗೆ ಬರಬೇಕು, ಅವಳು ಮಡಕೆಯ ಹತ್ತಿರ ಹೋಗಕೂಡದು. ಸ್ನಾನವನ್ನು ಬೆಳಗ್ಗೆ ಬಿಟ್ಟು ಸಂಜೆಗೆ ಹಾಕಿದೆವು, ಯಾಕೆಂದರೆ ನೀರು ಹುಯ್ದುಕೊಂಡು ತಲೆ ಬಾಚುವುದರಲ್ಲೇ ಬೆಳಗಿನ ಶಕ್ತಿ ಮುಗಿದುಹೋಗುತ್ತಿತ್ತು. ಊಟಕ್ಕೆ ಮುಂಚೆ ಒಂದು ಸಲ, ಆಮೇಲೆ ಒಂದು ಸಲ ಮಲಗುವುದು. ಸಂಜೆ ಬೇವಿನ ಮರದವರೆಗೆ ನಿಧಾನ ನಡೆದು ಬರುವುದು. ಏಳುವುದು ಬೀಳುವುದು ನಿಂತಿತು.

ಆದರೆ ಊತ ನಿಲ್ಲಲಿಲ್ಲ. ಮಲಗಿದ್ದಾಗ ಇಳಿದದ್ದು ಮತ್ತೆ ಏರತೊಡಗಿತು. ದಿನಾ ಬೆಳಗ್ಗೆ ನಾನು ಅವಳ ಕಾಲ ಮೇಲೆ ಹೆಬ್ಬೆರಳು ಒತ್ತುತ್ತಿದ್ದೆ, ಗುಳಿ ಆಳವಾಗುತ್ತಿತ್ತು. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೊರಗಿ ಕೂತೇ ಬೆಳಗು ಮಾಡುತ್ತಿದ್ದಳು. ಡಾಕ್ಟರು ನೋಡಿದವರೇ ಸಿಡುಕಿದರು: “ಉಪ್ಪು ತಿನ್ನುತ್ತಿದ್ದಾರೆ. ಹೀಗೇ ಆದರೆ ನೀರು ಶ್ವಾಸಕೋಶಕ್ಕೆ ತುಂಬುತ್ತದೆ. ಆಮೇಲೆ ನನ್ನ ಹತ್ತಿರ ಕರೆತರಬೇಡಿ.”

ಮನೆಗೆ ಬಂದು ಅದನ್ನೇ ಹೆಂಡತಿಗೆ ಹೇಳಿದೆ. ಅವಳು ಒಲೆ ಮುಂದಿನಿಂದ ಎದ್ದು ನಿಂತಳು.

“ನಾನು ಉಪ್ಪು ಆಕ್ತೀನಾ? ನನ್ನ ಮಕ್ಳ ಮ್ಯಾಲೆ ಆಣೆ ಮಾಡ್ಲಾ? ಅತ್ಗೆ ಒಬ್ರೇ ಸಪ್ಪೆ ತಿಂತಾರಲ್ಲ ಅಂತ ನಾನೂ ಸಪ್ಪೇನೇ ತಿಂತಾ ಇವ್ನಿ. ಅದು ನಿಮ್ಗೆ ಗೊತ್ತಾ?”

ನನಗೆ ಗೊತ್ತಿರಲಿಲ್ಲ. ಅಕ್ಕನಿಗೂ ಗೊತ್ತಿರಲಿಲ್ಲ. ಒಳಗಿನಿಂದ ಅವಳು, “ಅವಳನ್ನ ಅನ್ಬ್ಯಾಡ ಕಣ್ಲಾ, ಚಿಟಿಕೆ ಉಪ್ಪೂ ನನ್ನ ತಟ್ಟೆಗೆ ಬಿದ್ದಿಲ್ಲ,” ಅಂದಳು. ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. ಡಾಕ್ಟರೂ ನಿಜವನ್ನೇ ಹೇಳಿದ್ದರು. ಮೂರು ನಿಜಗಳ ನಡುವೆ ಅಕ್ಕ ಮುಳುಗುತ್ತಿದ್ದಳು.

ಮರುದಿನ ಕಣದಲ್ಲಿ ಅವಳ ಎದುರಿಗೇ ಕೂತೆ. ಅಂದು ಮಡಕೆ ತುಂಬುವ ದಿನ. ಒಂದು ಮಡಕೆಯಿಂದ ಚೂರು ಹಣ್ಣು ಕಿತ್ತು ಬಾಯಿಗಿಟ್ಟಳು, ಕಣ್ಣು ಮುಚ್ಚಿ ಚಪ್ಪರಿಸಿದಳು, “ಸರಿ, ಅದುಮು” ಅಂದಳು. ಮುಂದಿನ ಮಡಕೆ. “ಇದುಕ್ಕೆ ಇನ್ನೊಂದ್ ಹಿಡಿ.” ಉಪ್ಪು ಹಾಕಿ ಬಡಿದರು. ಮತ್ತೆ ಬಾಯಿಗೆ. ಮುಂದಿನ ಮಡಕೆ. ನಾನು ಅವಳ ಗಂಟಲನ್ನೇ ನೋಡುತ್ತಿದ್ದೆ. ಪ್ರತಿ ಸಲವೂ ಅದು ಏರಿ ಇಳಿಯುತ್ತಿತ್ತು.

ಕಣದಲ್ಲಿ ಉಗುಳಬಾರದು. ನಮ್ಮಲ್ಲಿ ರಾಗಿ ಕಣವಾಗಲಿ, ಹುಣಸೆ ಕಣವಾಗಲಿ, ಮಾಲು ಬಿದ್ದಿರುವ ನೆಲ ಲಕ್ಷ್ಮಿ. ಅಲ್ಲಿ ಚಪ್ಪಲಿ ಇಲ್ಲ, ಉಗುಳಿಲ್ಲ. ಎಲೆಅಡಿಕೆ ಹಾಕುವ ಮುದುಕಿಯರೂ ಎದ್ದು ಬೇಲಿಯಾಚೆ ಹೋಗಿ ಬರುತ್ತಾರೆ. ಹಾಗಾಗಿ ರುಚಿ ನೋಡುವುದೆಂದರೆ ನುಂಗುವುದೇ. ಹುಟ್ಟಿದಾರಭ್ಯ ನೋಡಿದ್ದರಿಂದ ನಮ್ಮ ಯಾರ ಕಣ್ಣಿಗೂ ಅದು ತಿನ್ನುವುದಾಗಿ ಕಂಡಿರಲಿಲ್ಲ. ಅಕ್ಕ ತಟ್ಟೆಯಲ್ಲಿ ಬಿಟ್ಟ ಉಪ್ಪನ್ನೆಲ್ಲ ಕಣದಲ್ಲಿ ನುಂಗುತ್ತಿದ್ದಳು.

“ಅಕ್ಕ, ಉಗುಳು.”

ಅವಳು ಕಣ್ಣು ಬಿಟ್ಟಳು. “ಏನಂದೆ?”

“ಬಾಯಾಗಿರೋದು ಉಗುಳು. ಅದೇ ನಿನ್ನ ಊತ.”

ಹೆಂಗಸರ ಕೈ ನಿಂತಿತು. ಅಕ್ಕ ಬಾಯಲ್ಲಿದ್ದದ್ದನ್ನು ನನ್ನ ಮುಖ ನೋಡುತ್ತಲೇ ನುಂಗಿದಳು. “ತುಂಬಿದ್ ಕಣದಾಗೆ ಲಕ್ಷ್ಮೀನ ಬಾಯಿಗಿಕ್ಕಂಡು ಉಗೀಲಾ? ಬುದ್ಧಿ ಗಿದ್ಧಿ ಐತಾ ನಿಂಗೆ?”

ಬೇಲಿಯಾಚೆ ಕೂರಿಸಿ ಪಕ್ಕದಲ್ಲೊಂದು ಬಟ್ಟಲಿಡುತ್ತೇನೆ ಎಂದೆ. ಎಲ್ಲಿ ಉಗುಳಿದರೂ ಉಗುಳೇ ಎಂದಳು. ಬೇರೆ ಯಾರಾದರೂ ರುಚಿ ನೋಡಲಿ ಎಂದೆ. ಅದಕ್ಕೆ ಅವಳು ಕೂಗಾಡಲಿಲ್ಲ. ದನಿ ತಗ್ಗಿಸಿ, “ಕಾಲು ಹೋಯ್ತು, ಕೈ ಹೋಯ್ತು. ನಾಲ್ಗೆ ಒಂದೈತೆ. ಅದ್ನೂ ಕಿತ್ಕೊಂಡ್ರೆ ಈ ಮನೇಲಿ ನಾನು ಯಾಕಿರ್ಬೇಕ್ಲಾ?” ಎಂದು ಕೇಳಿದಳು.

ಎದ್ದು ಹೊರಗೆ ಹೋದೆ. ಗಾಡಿ ಕಟ್ಟೆಯ ಮೇಲೆ ಕೂತು ಎಲ್ಲ ಕಡೆಯಿಂದ ಯೋಚಿಸಿದೆ. ಕಣದಲ್ಲಿ ಉಪ್ಪುಹುಣಸೆ ಇರುವವರೆಗೆ ಅಕ್ಕನ ಕೈ ಅದಕ್ಕೆ ಹೋಗುತ್ತದೆ. ತಡೆದರೆ ಹಾಸಿಗೆ ಹಿಡಿಯುತ್ತಾಳೆ. ಬಿಟ್ಟರೆ ನೀರು ತುಂಬಿ ಸಾಯುತ್ತಾಳೆ. ಅಕ್ಕನನ್ನು ಕಣದಿಂದ ಎಬ್ಬಿಸಲಾಗದಿದ್ದರೆ, ಉಪ್ಪನ್ನು ಎಬ್ಬಿಸಬೇಕು.

ಸಂಜೆಗೆ ತುಂಬಿದ್ದ ಮಡಕೆಗಳನ್ನೂ ಮಿಕ್ಕ ಉಪ್ಪಿನ ಮೂಟೆಗಳನ್ನೂ ಸಂತೆ ಅಂಗಡಿಯವನಿಗೆ ಕೊಟ್ಟುಬಿಟ್ಟೆ. ಆ ವರ್ಷದ ಉಳಿದ ಹಣ್ಣನ್ನೆಲ್ಲ ಉಪ್ಪು ಹಾಕದೆ, ಒಣಗಿಸಿದ ಹಾಗೇ ಮಾರುವುದೆಂದು ತೀರ್ಮಾನಿಸಿದೆ. ಅದಕ್ಕೆ ಬೆಲೆ ಕಡಿಮೆ, ಮಳೆಗೆ ಮುಂಚೆ ಮಾರಲೇಬೇಕು, ಬೆಲೆ ಏರುವವರೆಗೆ ಕಾಯುವಂತಿಲ್ಲ. ಅಷ್ಟನ್ನು ಬೇಗ ಬೇಗ ಮಾರಲು ಆಗದ್ದರಿಂದ ಡೆಂಕಣಿಕೋಟೆಯ ಮರಗಳನ್ನು ಬೇರೊಬ್ಬ ಗುತ್ತಿಗೆದಾರನಿಗೆ ಬಿಟ್ಟುಕೊಟ್ಟೆ. ಏಜೆಂಟು ಬಂದು, “ದಂಡುಗೆ ಮಾತು ಕೊಟ್ಟಿದ್ದೀನಿ ಅಣ್ಣೇ, ನನ್ನ ತಲೆ ಮೇಲೆ ಕಲ್ಲು ಹಾಕ್ತೀಯಾ?” ಎಂದು ರೇಗಿದ. ಅವನ ಜೊತೆ ನಾನು ಎಂದೂ ಸೋತಿರಲಿಲ್ಲ. ಅಂದು ಅವನು ಹೇಳಿದ ದರಕ್ಕೆ ತಲೆಯಾಡಿಸಿ ಸಪ್ಪೆ ಹಣ್ಣನ್ನು ಹೇರಿಸಿದೆ.

ಅಕ್ಕ ನನ್ನೊಡನೆ ಮಾತು ಬಿಟ್ಟಳು. ಆದರೂ ಬೆಳಗ್ಗೆ ಬಂದು ಮೂಟೆಗೊರಗಿ ಕೂರುವುದನ್ನು ಬಿಡಲಿಲ್ಲ. ಬಣ್ಣ ನೋಡಿ, ಬೆರಳಲ್ಲಿ ಹಿಸುಕಿ, ಕಪ್ಪು ಹಣ್ಣು ಬೇರೆ, ಕೆಂಪು ಹಣ್ಣು ಬೇರೆ ಮಾಡಿಸುತ್ತಿದ್ದಳು. ನನ್ನ ಹೆಬ್ಬೆರಳು ಒತ್ತಿದ ಗುಳಿಯ ಆಳ ಮೆಲ್ಲಗೆ ಕಡಿಮೆಯಾಗತೊಡಗಿತು. ಮಳೆ ಹಿಡಿಯುವ ಹೊತ್ತಿಗೆ ಚಾಪೆಯ ಮೇಲೆ ಕಾಲು ಚಾಚಿ ಮಲಗಿ ನಿದ್ದೆ ಮಾಡಿದಳು. ಸುಸ್ತು ಹೋಗಲಿಲ್ಲ. ಉಸಿರು ಮಾತ್ರ ಅವಳದಾಯಿತು.

ಮುಂದಿನ ಸುಗ್ಗಿಗೆ ಮತ್ತೆ ಉಪ್ಪು ತರಿಸಬೇಕೇ ಎಂದು ನಾನು ಹಿಂದೆಮುಂದೆ ನೋಡುತ್ತಿದ್ದಾಗ ಅಕ್ಕನೇ ದಾರಿ ತೋರಿಸಿದಳು. ನನ್ನ ಹೆಂಡತಿಯನ್ನು ಕರೆದು ಎದುರಿಗೆ ಕೂರಿಸಿಕೊಂಡಳು. ಸಪ್ಪೆ ಊಟ ಅಭ್ಯಾಸವಾಗಿದ್ದ ಅವಳ ನಾಲಿಗೆಗೆ ಚಿಟಿಕೆ ಉಪ್ಪಿನ ವ್ಯತ್ಯಾಸವೂ ತಿಳಿಯುತ್ತಿತ್ತು.

“ಬಾಯಿಗಿಕ್ಕು. ಏನೂ ಮಾತಾಡ್ಬ್ಯಾಡ. ನಿನ್ನ ಮುಖ ನಾನು ನೋಡ್ತೀನಿ.”

ಹೆಂಡತಿ ಚೂರು ಹಣ್ಣು ಚಪ್ಪರಿಸಿದಳು. ಅಕ್ಕ ಅವಳ ಹುಬ್ಬು, ದವಡೆ ನೋಡಿ, “ಇನ್ನರ್ಧ ಹಿಡಿ ಆಕ್ರೇ,” ಎಂದು ಕೂಗಿದಳು. ಬೀಜ ಬಿಡಿಸುವ ಆ ಬಾಯಿಜೋರಿನ ಹೆಂಗಸು, “ಅಯ್ಯೋ, ಸೊಸೆ ಬಾಯಿ, ಅತ್ಗೆ ನಾಲ್ಗೆ! ಇನ್ನ ಈ ಮನೇಲಿ ಗಂಡಸು ಬಾಯಿ ಬಿಡೋ ಅಂಗಿಲ್ಲ,” ಅಂದಳು. ಅಕ್ಕ ನಕ್ಕಳು. ಆ ಸಲ ನಗು ಪೂರ್ತಿಯಾಯಿತು. ಏಜೆಂಟು ಮೊದಲಿನಂತೆ ನಂಬುವುದಿಲ್ಲ. ಈಗ ತಾನೇ ಪ್ರತಿ ಮಡಕೆ ಚೀಪುತ್ತಾನೆ. ಚೀಪಲಿ.

ಅಕ್ಕ ಗುಣವಾದಳು ಎಂದು ತಿಳಿಯಬೇಡಿ. ಹೋದ ಸುಗ್ಗಿಯಲ್ಲಿ ಬಿಸಿಲೇರುವವರೆಗೆ ಕೂರುತ್ತಿದ್ದವಳು ಈ ಸುಗ್ಗಿಯಲ್ಲಿ ಅದಕ್ಕೆ ಮುಂಚೆಯೇ ಕೈ ತೊಳೆಯುತ್ತಾಳೆ. ಕೆಲವು ದಿನ ಬೆಳಗ್ಗೆ ವಾಂತಿ, ಕೆಲವು ದಿನ ಕಣ್ಣು ಮಂಜು. ಸೊರಗಿದ ಕೊಂಬೆ ಇನ್ನೂ ಸೊರಗುತ್ತಿದೆ, ನಾನು ನನ್ನ ಅಂದಾಜು ಇಳಿಸುತ್ತಾ ಬರುತ್ತಿದ್ದೇನೆ. ಡಾಕ್ಟರ ಹತ್ತಿರ ಈಗಲೂ ಚೌಕಾಸಿ ಮಾಡುತ್ತೇನೆ, ಅವರು ಈಗ ಬೈಯುವುದಿಲ್ಲ. ಅದೇ ನನಗೆ ಭಯ.

ನಿಮ್ಮ ಮನೆಯಲ್ಲಿ ಇಂಥವರಿದ್ದರೆ ನನ್ನ ಮಾತು ಕೇಳಿ. ಬೆಳಗಿನ ಊತ, ಜೊತೆಗೆ ಸುಸ್ತು ಕಂಡರೆ ಉಪ್ಪು ಮಜ್ಜಿಗೆ ಕುಡಿಸುವ ಮುಂಚೆ ಮೂತ್ರ ಕಾಯಿಸಿ ನೋಡುವ ಡಾಕ್ಟರ ಹತ್ತಿರ ಹೋಗಿ. ಉಪ್ಪು ಬಿಡಿಸಿದ್ದೇವೆಂದು ಅಡಿಗೆಮನೆ ಒಂದನ್ನೇ ಕಾಯಬೇಡಿ. ಅವರು ದಿನವಿಡೀ ಎಲ್ಲಿ ಕೂರುತ್ತಾರೆ, ಅಲ್ಲಿ ಬಾಯಿಗೆ ಏನು ಹೋಗುತ್ತದೆ, ಹೋಗಿ ಕೂತು ನೋಡಿ. ಒಳ್ಳೆಯ ದಿನ ಬಂದಾಗಲೇ ಹೆಚ್ಚು ಎಚ್ಚರವಾಗಿರಿ. ಅವರನ್ನು ಪೂರ್ತಿ ಮಲಗಿಸಲೂ ಬೇಡಿ. ಅವರಿಲ್ಲದೆ ಆಗದ ಒಂದು ಕೆಲಸವನ್ನು, ಎಷ್ಟೇ ಚಿಕ್ಕದಿರಲಿ, ಅವರ ಕೈಯಲ್ಲಿ ಬಿಡಿ. ಮತ್ತೆ, ಹೇಗಿದ್ದೀಯ ಎಂದು ಸಂಜೆ ಕೇಳಬೇಡಿ. ಸಂಜೆ ನೀವು ದುಡಿದು ಬಂದಿರುತ್ತೀರಿ, ನಿಮ್ಮ ಮುಖ ನೋಡಿ ‘ಚೆನ್ನಾಗಿದ್ದೀನಿ’ ಎಂದು ಸುಳ್ಳು ಹೇಳುತ್ತಾರೆ. ಬೆಳಗ್ಗೆ, ಅವರು ಚಾಪೆಯಿಂದ ಏಳುವ ಮುಂಚೆ ಪಕ್ಕದಲ್ಲಿ ಕೂತು ಕೇಳಿ. ಏನು ಹೇಳುತ್ತಾರೋ ಅದರ ಮೇಲೆ ಆ ಇಡೀ ದಿನವನ್ನು ಗೊತ್ತುಮಾಡಿ. ನಾಳೆಯ ಮಾತನ್ನು ನಾಳೆ ಬೆಳಗ್ಗೆ ಕೇಳಿದರಾಯಿತು.